ಸೀಮೆಸುಣ್ಣದ ಗಣಿಯೊಳಗಿನ ಪೇಟೆ: ಬ್ಲೂವಾಟರ್‌ಗೆ ಹೋಗುವವರಿಗೆ

ಲಂಡನ್ನಿನಲ್ಲಿ ನೆಲೆಸಿರುವ ಮಗನದೋ ಮಗಳದೋ ಮನೆಗೆ ನಾಲ್ಕಾರು ತಿಂಗಳ ಮಟ್ಟಿಗೆ ಹೋಗಿ ತಂಗುವ ನಮ್ಮ ಕಡೆಯ ಹಿರಿಯರು, ಅರಮನೆ, ಗೋಪುರ, ವಸ್ತುಸಂಗ್ರಹಾಲಯ, ಥೇಮ್ಸ್ ನದಿಯ ಸೇತುವೆ ಮೊದಲಾದ ಪ್ರಸಿದ್ಧ ಸ್ಥಳಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ, ಯಾವುದಾದರೊಂದು ಶನಿವಾರ ಮನೆಮಂದಿಯೊಡನೆ ಕೂಡಿ ಹೊರಡುವ ಜಾಗಗಳಲ್ಲಿ ಕೆಂಟ್ ಪ್ರಾಂತದ ಬ್ಲೂವಾಟರ್ ಒಂದು. ಊರಿನಿಂದ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿ, ನೂರಾರು ಅಂಗಡಿಗಳನ್ನೂ ಉಪಾಹಾರಗೃಹಗಳನ್ನೂ, ಚಲನಚಿತ್ರಮಂದಿರವನ್ನೂ, ಸರೋವರಗಳನ್ನೂ, ಮಕ್ಕಳ ವಿನೋದದ ಏರ್ಪಾಟುಗಳನ್ನೂ ಒಂದೆಡೆಯಲ್ಲಿ ಕೂಡಿಸಿರುವ ಈ ವಿಶಾಲವಾದ ಪೇಟೆಗೆ ಹೋಗಿ ಬಂದವರಲ್ಲಿ ಅನೇಕರು, ಕಾಲು ಸೋತು ಬಂದದ್ದಷ್ಟೇ ಲಾಭವೆಂದೂ, ಅಂಥ ಅಂಗಡಿಗಳು ಬೆಂಗಳೂರಿನ ಮಾಲುಗಳಲ್ಲಿಯೂ ಇವೆಯೆಂದೂ ನುಡಿಯುವುದನ್ನು ಕೇಳಿದ್ದೇನೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ; ಆದರೆ ಅವರು ನೋಡಿದ್ದು ಆ ಸ್ಥಳದ ಅರ್ಧವನ್ನು ಮಾತ್ರ. ಗೋಡೆಗಳ ಒಳಗಿರುವ ಪೇಟೆಗಿಂತ ಗೋಡೆಗಳ ಹೊರಗಿರುವ ನೆಲವೇ ಅಲ್ಲಿ ಹೆಚ್ಚು ನೋಡತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯವಾದುದರಿಂದ, ಹೋಗುವ ದಾರಿ, ತಕ್ಕ ವೇಳೆ, ಕೊಳ್ಳುವವರಿಗಿರುವ ರಕ್ಷಣೆ, ಊಟದ ಅನುಕೂಲ ಇವುಗಳನ್ನು ತಿಳಿಸುವುದಕ್ಕೆ ಮುಂಚೆ ಆ ನೆಲದ ವೃತ್ತಾಂತವನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಡಾರ್ಟ್‌ಫರ್ಡ್‌ನಿಂದ ಗ್ರೇವ್ಸೆಂಡ್‌ನವರೆಗೆ ಹಬ್ಬಿರುವ ಭೂಮಿಯ ಒಡಲೆಲ್ಲ ಸೀಮೆಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಆ ಪ್ರದೇಶವು ಸಮುದ್ರದ ಅಡಿಯಲ್ಲಿದ್ದಾಗ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಜಾತಿಯ ಜೀವಿಗಳ ಸುಣ್ಣದ ಕವಚಗಳು ತಳದಲ್ಲಿ ಪದರಪದರವಾಗಿ ಸಂಚಯಗೊಂಡು ಆದ ಕಲ್ಲದು. ಆ ಕಲ್ಲನ್ನೂ ನದೀತೀರದ ಜೇಡಿಮಣ್ಣನ್ನೂ ಬೆರೆಸಿ ಸುಟ್ಟು ಅರೆದರೆ ಸಿಮೆಂಟು. ಸಿದ್ಧವಾದ ಸರಕನ್ನು ಸಾಗಿಸುವುದಕ್ಕೆ ನದಿಯೂ ಪಕ್ಕದಲ್ಲಿಯೇ ಇತ್ತು. 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್‌ನ ಮಗನಾದ ವಿಲಿಯಂ, 1840ರ ದಶಕದಲ್ಲಿ ಸಮೀಪದ ನಾರ್ತ್‌ಫ್ಲೀಟ್‌ನಲ್ಲಿ ಸಿಮೆಂಟು ತಯಾರಿಸತೊಡಗಿದ ಕಾಲದಿಂದ ಮೊದಲ್ಗೊಂಡು, ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಅಗೆಯುವುದು, ಸುಡುವುದು, ಸಾಗಿಸುವುದು ಇವೇ ಆ ದಂಡೆಯ ಜನರ ಮುಖ್ಯ ಜೀವನೋಪಾಯಗಳಾಗಿದ್ದುವು. ಬ್ಲೂ ಸರ್ಕಲ್ ಎಂಬ ಸಿಮೆಂಟು ಕಂಪನಿಯು ಹೀಗೆ ಅಗೆದು ಬಿಟ್ಟ ಗಣಿಗಳಲ್ಲಿ ವೆಸ್ಟರ್ನ್ ಕ್ವಾರಿ ಎಂಬುದು ಒಂದು. ಸುತ್ತಲೂ ಸುಮಾರು 50 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತ ಬಿಳಿಯ ಬಂಡೆಗೋಡೆ, ಕೆಳಗೆ ಬರಡು ನೆಲ, ಇಷ್ಟೇ ಉಳಿದಿದ್ದ ಆ ಗುಂಡಿಯ ತಳದಲ್ಲಿ, ಲೆಂಡ್ ಲೀಸ್ ಎಂಬ ಆಸ್ಟ್ರೇಲಿಯದ ಸಂಸ್ಥೆಯು ಎರಿಕ್ ಕುನೆ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಕಟ್ಟಿಸಿದ ಬ್ಲೂವಾಟರ್ 1999ರ ಮಾರ್ಚ್ 16ರಂದು ಬಾಗಿಲು ತೆರೆಯಿತು. ವಾಡಿ, ಶಹಾಬಾದ್‌ಗಳ ಸುಣ್ಣಕಲ್ಲಿನ ಗಣಿಗಳನ್ನು ಕಂಡ ಕಲಬುರಗಿ ಸೀಮೆಯವರಿಗೆ, ಕಲ್ಲು ತೀರಿದ ಮೇಲೆ ಉಳಿಯುವ ಹಳ್ಳದ ಗತಿಯೇನೆಂಬ ಪ್ರಶ್ನೆ ಹೊಸದಲ್ಲ. ಆ ಪ್ರಶ್ನೆಗೆ ಬೇರೊಂದು ನಾಡು ಕೊಟ್ಟುಕೊಂಡ ಉತ್ತರವನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಇಂಗ್ಲೆಂಡಿನಲ್ಲಿ ಊರಾಚೆಯ ದೊಡ್ಡ ಪೇಟೆಗಳು ಹೆಚ್ಚಾಗಿ ತಲೆಯೆತ್ತಿದ್ದು ಕೈಗಾರಿಕೆಯು ಬಳಸಿ ಬಿಟ್ಟ ಭೂಮಿಯ ಮೇಲೆಯೇ. 1986ರಲ್ಲಿ ತೆರೆದ ಗೇಟ್ಸ್‌ಹೆಡ್‌ನ ಮೆಟ್ರೋಸೆಂಟರ್ ನಿಂತಿರುವುದು ವಿದ್ಯುತ್ ಸ್ಥಾವರವೊಂದರ ಬೂದಿ ಸುರಿದ ಜೌಗಿನ ಮೇಲೆ. 1990ರ ಷೆಫೀಲ್ಡಿನ ಮೆಡೋಹಾಲ್ ಉಕ್ಕಿನ ಕಾರ್ಖಾನೆಯಿದ್ದ ಜಾಗದಲ್ಲಿ. ಅದೇ ವರ್ಷ ಥೇಮ್ಸಿನ ಆಚೆ ದಂಡೆಯಲ್ಲಿ ತೆರೆದ ಲೇಕ್‌ಸೈಡ್ ಸಹ ಸೀಮೆಸುಣ್ಣದ ಗಣಿಯಲ್ಲಿಯೇ. ಇವುಗಳಿಂದ ಹಳೆಯ ಊರುಗಳ ನಡುಬೀದಿಯ ಅಂಗಡಿಗಳು ಬರಿದಾಗತೊಡಗಿದುದನ್ನು ಕಂಡ ಸರ್ಕಾರವು, ಹೊಸ ಅಂಗಡಿಗಳಿಗೆ ಮೊದಲು ಊರೊಳಗೇ ಸ್ಥಳ ಹುಡುಕಬೇಕೆಂಬ ಸೂಚನೆಯನ್ನು 1996ರಲ್ಲಿ ಬಿಗಿಗೊಳಿಸಿತು. ಅದಕ್ಕೆ ಮುಂಚೆಯೇ ಅನುಮತಿ ಪಡೆದಿದ್ದ ಬ್ಲೂವಾಟರ್ ಆ ಪೀಳಿಗೆಯ ಕಡೆಯವುಗಳಲ್ಲಿ ಒಂದು.

ಇನ್ನು ದಾರಿಯ ವಿಚಾರ. ಲಂಡನ್ನಿನ ನಡುಭಾಗದಿಂದ ಪೂರ್ವಕ್ಕೆ ಸುಮಾರು 28 ಕಿಲೋಮೀಟರ್ ದೂರ. ರೈಲಿನಲ್ಲಿ ಹೋಗುವವರು ಇಳಿಯಬೇಕಾದ ನಿಲ್ದಾಣ ಗ್ರೀನ್‌ಹೈದ್. ಲಂಡನ್ ಬ್ರಿಡ್ಜ್ ನಿಲ್ದಾಣದಿಂದ ಡಾರ್ಟ್‌ಫರ್ಡ್ ಮಾರ್ಗವಾಗಿ ಬರುವ ಗಾಡಿಗಳೂ, ಸೇಂಟ್ ಪಾಂಕ್ರಾಸ್ ಕಡೆಯಿಂದ ನಗರವನ್ನು ಅಡ್ಡಹಾಯ್ದು ಬರುವ ಥೇಮ್ಸ್‌ಲಿಂಕ್ ಗಾಡಿಗಳೂ ಅಲ್ಲಿ ನಿಲ್ಲುತ್ತವೆ. ಸ್ಲೌ, ಹೇಯ್ಸ್ ಮೊದಲಾದ ಪಶ್ಚಿಮದ ಬಡಾವಣೆಗಳಲ್ಲಿರುವವರು ಎಲಿಜಬೆತ್ ಮಾರ್ಗದಲ್ಲಿ ಆ್ಯಬಿ ವುಡ್‌ನವರೆಗೆ ಬಂದು ಅಲ್ಲಿ ಗಾಡಿ ಬದಲಿಸಿದರೆ, ನಗರದ ನಡುವಿನ ದೊಡ್ಡ ನಿಲ್ದಾಣಗಳ ನೂಕುನುಗ್ಗಲು ತಪ್ಪುತ್ತದೆ. ಗ್ರೀನ್‌ಹೈದ್‌ನಿಂದ ಪೇಟೆಯ ಬಾಗಿಲಿಗೆ ಫಾಸ್ಟ್‌ಟ್ರ್ಯಾಕ್ ಎಂಬ ಬಸ್ಸು ಕೆಲವೇ ನಿಮಿಷಗಳ ಹಾದಿ. ಕಾಲು ಗಟ್ಟಿಯಿದ್ದವರು ನಡೆದೇ ಹೋಗಬಹುದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ಲಂಡನ್ನಿನ ಆಯಿಸ್ಟರ್ ಕಾರ್ಡಿನ ವ್ಯಾಪ್ತಿ ಡಾರ್ಟ್‌ಫರ್ಡ್‌ನಲ್ಲಿ ಮುಗಿಯುತ್ತದೆ, ಗ್ರೀನ್‌ಹೈದ್ ಅದರಿಂದಾಚೆಗಿದೆ, ಆದುದರಿಂದ ಗಾಡಿ ಹತ್ತುವುದಕ್ಕೆ ಮುಂಚೆಯೇ ಕೌಂಟರಿನಲ್ಲಿ ವಿಚಾರಿಸಿ ಗ್ರೀನ್‌ಹೈದ್‌ಗೆ ಹೋಗಿಬರುವ ಟಿಕೆಟ್ಟನ್ನು ಪಡೆಯುವುದು ಕ್ಷೇಮ.

ಸಮಯವಿದ್ದವರಿಗೆ ಬಸ್ಸಿನ ದಾರಿಯೇ ರಮ್ಯವೆಂದು ನನಗೆ ತೋರುತ್ತದೆ. ಊಲಿಚ್‌ನಿಂದ 96ನೆಯ ನಂಬರಿನ ಕೆಂಪು ಬಸ್ಸೂ, ಸಿಡ್‌ಕಪ್‌ನಿಂದ 492ನೆಯದೂ ಬ್ಲೂವಾಟರ್‌ವರೆಗೆ ಬರುತ್ತವೆ. ಮಾಳಿಗೆಯ ಮುಂದಿನ ಸೀಟಿನಲ್ಲಿ ಕುಳಿತರೆ, ಸಾಲುಮನೆಗಳ ಬಡಾವಣೆಗಳೆಲ್ಲ ಹಿಂದೆ ಸರಿದು ಹಳೆಯ ಗಣಿಗಳ ಸೀಮೆ ಹೇಗೆ ಮೊದಲಾಗುತ್ತದೆಂಬುದನ್ನು ಸಾವಧಾನವಾಗಿ ನೋಡಬಹುದು. ಲಂಡನ್ ಬಸ್ಸುಗಳಲ್ಲಿ 2014ರಿಂದ ನಗದು ಹಣವನ್ನು ತೆಗೆದುಕೊಳ್ಳುವುದಿಲ್ಲ. ಕಾರ್ಡನ್ನೇ ತೋರಿಸಬೇಕು. ನಮ್ಮ ಬ್ಯಾಂಕುಗಳ ಕಾರ್ಡುಗಳನ್ನು ವಿದೇಶದಲ್ಲಿ ಉಪಯೋಗಿಸುವ ಸೌಲಭ್ಯವನ್ನು ನಾವಾಗಿ ಕೇಳಿ ತೆರೆಸಿಕೊಳ್ಳಬೇಕೆಂಬ ನಿಯಮ 2020ರಿಂದ ಜಾರಿಯಲ್ಲಿರುವುದರಿಂದ, ಆ ಕೆಲಸವನ್ನು ಊರು ಬಿಡುವ ಮುಂಚೆಯೇ ಮುಗಿಸಿಕೊಂಡಿರಬೇಕು.

ಮಕ್ಕಳು ಕಾರಿನಲ್ಲಿ ಕರೆದೊಯ್ಯುವುದಾದರೆ ಹಾದಿ ಸುಲಭ. ಎಂ25 ಹೆದ್ದಾರಿಯೂ ಎ2 ರಸ್ತೆಯೂ ಕೂಡುವ ಎಡೆಗೆ ಸಮೀಪದಲ್ಲಿಯೇ ತಿರುವು, ಒಳಗೆ ಸುಮಾರು 13,000 ಕಾರುಗಳಿಗೆ ಶುಲ್ಕವಿಲ್ಲದ ನಿಲುಗಡೆ. ಆದರೆ ನದಿಯ ಉತ್ತರದಿಂದ, ಎಂದರೆ ಎಸೆಕ್ಸ್ ಕಡೆಯಿಂದ, ಬರುವವರು ಡಾರ್ಟ್‌ಫರ್ಡ್‌ನಲ್ಲಿ ಥೇಮ್ಸನ್ನು ದಾಟಬೇಕು. ದಕ್ಷಿಣಕ್ಕೆ ಬರುವಾಗ ಎರಡನೆಯ ಎಲಿಜಬೆತ್ ರಾಣಿಯ ಹೆಸರಿನ ಎತ್ತರದ ಸೇತುವೆ, ಹಿಂದಿರುಗುವಾಗ ನದಿಯಡಿಯ ಸುರಂಗ. ಬೆಳಗಿನ 6ರಿಂದ ರಾತ್ರಿ 10ರವರೆಗೆ ಎರಡು ಸಲಕ್ಕೂ ಸುಂಕವುಂಟು. ಸುಂಕದ ಕಟ್ಟೆಗಳನ್ನು 2014ರಲ್ಲಿಯೇ ತೆಗೆದುಹಾಕಿರುವುದರಿಂದ ಅಲ್ಲಿ ಯಾರೂ ತಡೆದು ಕೇಳುವುದಿಲ್ಲ, ಕ್ಯಾಮರಾ ಮಾತ್ರ ನಂಬರನ್ನು ಗುರುತಿಸಿಕೊಳ್ಳುತ್ತದೆ. ಮರುದಿನದ ನಡುರಾತ್ರಿಯೊಳಗೆ ತಾವಾಗಿಯೇ ಹಣ ಕಟ್ಟದಿದ್ದರೆ ದಂಡದ ಪತ್ರ ಮನೆಗೆ ಬರುತ್ತದೆ. ಬಾಡಿಗೆಯ ಕಾರಿನಲ್ಲಿ ಹೋಗುವವರು ಈ ಮಾತನ್ನು ವಿಶೇಷವಾಗಿ ನೆನಪಿಡತಕ್ಕದ್ದು.

ವಾರದಲ್ಲಿ ಯಾವ ದಿನ ಹೋಗಬೇಕೆಂದು ಕೇಳಿದರೆ, ಮಂಗಳವಾರ ಬುಧವಾರಗಳ ಮುಂಜಾನೆಯೆಂದೇ ನನ್ನ ಉತ್ತರ. ಆದರೆ ಮಕ್ಕಳ ರಜೆ ಶನಿವಾರ ಭಾನುವಾರವಾದುದರಿಂದ ಎಲ್ಲರಿಗೂ ಅದು ಸಾಧ್ಯವಾಗದು. ಭಾನುವಾರ ಹೋಗುವವರು ಅಲ್ಲಿಯ ಕಾನೂನನ್ನು ತಿಳಿದಿರಬೇಕು. 1994ರ ಭಾನುವಾರದ ವ್ಯಾಪಾರದ ಕಾಯಿದೆಯ ಪ್ರಕಾರ, 280 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಯು ಆ ದಿನ ಬೆಳಿಗ್ಗೆ 10ರಿಂದ ಸಂಜೆ 6ರ ಒಳಗಿನ ಯಾವುದಾದರೂ ಒಂದೇ ಸಮನಾದ ಆರು ಗಂಟೆಗಳ ಕಾಲ ಮಾತ್ರ ತೆರೆದಿರಬಹುದು. ಈಸ್ಟರ್ ಭಾನುವಾರವೂ ಕ್ರಿಸ್‌ಮಸ್ ದಿನವೂ ತೆರೆಯುವಂತೆಯೇ ಇಲ್ಲ. ಹೋಟೆಲು, ಸಿನೆಮಾಗಳಿಗೆ ಈ ಕಟ್ಟಳೆಯಿಲ್ಲ. ಆದುದರಿಂದ ಭಾನುವಾರ ಊಟ ಮಾಡಿ ನಿಧಾನವಾಗಿ ಹೊರಟವರು, ಇನ್ನೂ ಬೆಳಕಿರುವಾಗಲೇ ಅಂಗಡಿಗಳು ಬಾಗಿಲು ಹಾಕುವುದನ್ನು ನೋಡಬೇಕಾಗುತ್ತದೆ. ನವೆಂಬರಿನ ಕೊನೆಯ ವಾರ, ಕ್ರಿಸ್‌ಮಸ್ಸಿನ ಹಿಂದಿನ ವಾರಗಳು, ಡಿಸೆಂಬರ್ 26, ಇವು ವಯಸ್ಸಾದವರು ಹೋಗತಕ್ಕ ದಿನಗಳಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುವುದರಿಂದ ಹೊರಗಿನ ನೋಟವೂ ತಪ್ಪಿಹೋಗುತ್ತದೆ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ದೀರ್ಘವಾದ ಹಗಲಿರುವ ಕಾಲವೇ ಉತ್ತಮ.

ಕಟ್ಟಡದ ಆಕಾರ ತ್ರಿಕೋಣ. ಮೂರು ಮೂಲೆಗಳಿಗೆ ಮೂರು ಬೃಹತ್ ಅಂಗಡಿಗಳನ್ನಿರಿಸಿ, ಅವನ್ನು ಕೂಡಿಸುವ ಮೂರು ಬೀದಿಗಳನ್ನು ಎರಡು ಅಂತಸ್ತುಗಳಲ್ಲಿ ನಿರ್ಮಿಸಿದ್ದಾರೆ. ಒಂದು ಬೀದಿಗೆ ಥೇಮ್ಸ್ ವಾಕ್ ಎಂದು ಹೆಸರು; ಅದರ ನೆಲಹಾಸಿನಲ್ಲಿ ಆ ನದಿಯ ಹರಿವನ್ನು ಚಿತ್ರಿಸಲಾಗಿದೆ. ಇನ್ನೊಂದು ರೋಸ್ ಗ್ಯಾಲರಿ. ಮೂರನೆಯದಾದ ಗಿಲ್ಡ್‌ಹಾಲ್‌ನಲ್ಲಿ ನಡೆಯುವವರು ಅಂಗಡಿಯ ಗಾಜಿನಿಂದ ಕಣ್ಣೆತ್ತಿ ಮೇಲೆ ನೋಡಬೇಕು. ನೇಕಾರ, ಕಮ್ಮಾರ, ಅಕ್ಕಸಾಲಿ ಮುಂತಾದ ಹಳೆಯ ಲಂಡನ್ನಿನ ಕಸುಬುದಾರರ ಸಂಘಗಳನ್ನು ಕುರಿತ ಉಬ್ಬುಶಿಲ್ಪಗಳು ಗೋಡೆಯುದ್ದಕ್ಕೂ ಸಾಲುಗೊಂಡಿವೆ. ಛಾವಣಿಯ ಮೇಲೆ ಶಂಕುವಿನಾಕಾರದ ಬಿಳಿಯ ಟೋಪಿಗಳಂಥವು ಕಾಣಿಸುತ್ತವಷ್ಟೆ. ಅವು ಬರಿಯ ಅಲಂಕಾರವಲ್ಲ. ಕೆಂಟ್ ಪ್ರಾಂತದ ರೈತರು ಬಿಯರಿಗೆ ಬೇಕಾದ ಹಾಪ್ಸ್ ಹೂವನ್ನು ಒಣಗಿಸುತ್ತಿದ್ದ ಓಸ್ಟ್ ಮನೆಗಳ ಮಾಡನ್ನು ಅನುಸರಿಸಿ ಮಾಡಿದ ಈ ಗಾಳಿಗೂಡುಗಳು, ಹೊರಗಿನ ತಂಗಾಳಿಯನ್ನು ಹಿಡಿದು ಒಳಗಿನ ಬೀದಿಗಳಿಗೆ ಇಳಿಸುತ್ತವೆ. ಈ ಒಂದು ವಿವರವನ್ನು ನೋಡಿದಾಗ, ವಾಸ್ತುಶಿಲ್ಪಿಯು ಆ ಸೀಮೆಯ ಬಾಳನ್ನು ಶ್ರದ್ಧೆಯಿಂದ ಗಮನಿಸಿದ್ದನೆಂದು ನನಗೆ ಅನಿಸುತ್ತದೆ. ತ್ರಿಕೋಣದಲ್ಲಿ ದಿಕ್ಕು ತಪ್ಪುವುದು ಸಹಜವಾದುದರಿಂದ, ಒಳಹೊಕ್ಕ ಬಾಗಿಲ ಬಳಿಯ ದೊಡ್ಡಂಗಡಿಯ ಹೆಸರನ್ನೂ, ಕಾರಿದ್ದರೆ ಅದನ್ನು ನಿಲ್ಲಿಸಿದ ಜಾಗದ ಫಲಕವನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಒಳಗಿನ ಒಂದು ಸುತ್ತು ಮುಗಿದೊಡನೆ, ಬೇಕಾದರೆ ಅದಕ್ಕೂ ಮುಂಚೆಯೇ, ಹೊರಗೆ ಬನ್ನಿ. ಸರೋವರಗಳ ಅಂಚಿನಲ್ಲಿ ಕಾಲುದಾರಿಗಳಿವೆ, ಅಲ್ಲಲ್ಲಿ ಬೆಂಚುಗಳಿವೆ, ಬಾತುಗಳೂ ಹಂಸಗಳೂ ಮನುಷ್ಯರಿಗೆ ಹೆದರದೆ ತೇಲುತ್ತಿರುತ್ತವೆ. ನೀರಿನಾಚೆಗೆ ನಿಂತ ಬಂಡೆಗೋಡೆಯನ್ನು ನಿದಾನಿಸಿ ನೋಡಿದರೆ, ಅಚ್ಚಬಿಳಿಯ ಕಲ್ಲಿನಲ್ಲಿ ಗೀಟೆಳೆದ ಹಾಗೆ ಅಡ್ಡಡ್ಡಲಾಗಿ ಕಪ್ಪನೆಯ ಗಂಟುಗಳ ಸಾಲುಗಳು ಕಾಣುತ್ತವೆ. ಅದು ಚಕಮಕಿ ಕಲ್ಲು. ಒಡೆದರೆ ಗಾಜಿನಂತೆ ಹರಿತವಾದ ಅಂಚು ಕೊಡುವ ಆ ಕಲ್ಲನ್ನು ಹುಡುಕಿಕೊಂಡು ಆದಿಮಾನವರು ಈ ಕಣಿವೆಯಲ್ಲಿ ಸುಳಿದಾಡಿದರು. ಇಲ್ಲಿಗೆ ಅತಿ ಸಮೀಪದ ಸ್ವಾನ್ಸ್‌ಕೋಂಬ್‌ನ ಬಾರ್ನ್‌ಫೀಲ್ಡ್ ಎಂಬ ಜಲ್ಲಿಯ ಗುಂಡಿಯಲ್ಲಿ 1935ರಲ್ಲಿ ಒಂದು, ಮರುವರ್ಷ ಇನ್ನೊಂದು, 1955ರಲ್ಲಿ ಮತ್ತೊಂದು, ಹೀಗೆ ಒಂದೇ ತಲೆಬುರುಡೆಯ ಮೂರು ತುಣುಕುಗಳು ದೊರೆತುವು. ಸುಮಾರು ನಾಲ್ಕು ಲಕ್ಷ ವರ್ಷಗಳ ಹಿಂದಿನದೆಂದು ವಿದ್ವಾಂಸರು ನಿರ್ಣಯಿಸಿರುವ ಆ ಬುರುಡೆ ಬ್ರಿಟನ್ನಿನಲ್ಲಿ ಸಿಕ್ಕಿರುವ ಅತಿ ಪ್ರಾಚೀನ ಮಾನವಾವಶೇಷಗಳಲ್ಲಿ ಒಂದು. ಇದನ್ನು ಜೊತೆಯಲ್ಲಿರುವ ಮೊಮ್ಮಕ್ಕಳಿಗೆ ಗೋಡೆಯನ್ನು ತೋರಿಸಿಯೇ ಹೇಳಿ; ಶಾಲೆಯ ಪುಸ್ತಕಕ್ಕಿಂತ ಚೆನ್ನಾಗಿ ಮನಸ್ಸಿಗೆ ನಾಟುತ್ತದೆ. ತುಸು ದೊಡ್ಡ ಮಕ್ಕಳಿಗೆ ಬಂಡೆಯ ನೆತ್ತಿಯಿಂದ ನೀರಿನ ಮೇಲೆ ಹಾಯುವ, 700 ಮೀಟರಿಗೂ ಮಿಕ್ಕು ಉದ್ದವಾದ ತಂತಿಯ ಮೇಲೆ ಜಾರುವ ಸಾಹಸಕ್ರೀಡೆಯುಂಟು. ತೂಕ, ಎತ್ತರ, ವಯಸ್ಸುಗಳ ನಿಬಂಧನೆಯನ್ನು ಮೊದಲೇ ನೋಡಿ, ಮುಂಗಡವಾಗಿ ಹಣ ಕಟ್ಟಿ ಸಮಯ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು. ಗುಂಡಿಯೊಳಗೆ ಬಿಸಿಲಿದ್ದಾಗಲೂ ಗಾಳಿ ಸುಳಿಯುತ್ತಿರುತ್ತದೆ. ಒಂದು ಸ್ವೆಟರ್ ಕೈಯಲ್ಲಿರಲಿ.

ಕೊಳ್ಳುವವರಿಗೆ ಎರಡು ಮೂರು ಮಾತು. ಚೀಟಿಯಲ್ಲಿ ಕಾಣಿಸಿದ ಬೆಲೆಯಲ್ಲಿ ಶೇಕಡಾ 20ರ ವ್ಯಾಟ್ ತೆರಿಗೆ ಸೇರಿಯೇ ಇರುತ್ತದೆ. ವಿದೇಶಿ ಪ್ರವಾಸಿಗಳು ವಿಮಾನನಿಲ್ದಾಣದಲ್ಲಿ ಆ ತೆರಿಗೆಯನ್ನು ಹಿಂದಕ್ಕೆ ಪಡೆಯುತ್ತಿದ್ದ ಏರ್ಪಾಡು 2021ರ ಜನವರಿ 1ರಿಂದ ರದ್ದಾಗಿದೆ, ಆದುದರಿಂದ ಹಳೆಯ ನೆನಪಿನ ಮೇಲೆ ಲೆಕ್ಕ ಹಾಕಬಾರದು. ಚಿಕ್ಕ ಮಕ್ಕಳ ಬಟ್ಟೆಗೂ ಪಾದರಕ್ಷೆಗೂ ಆ ತೆರಿಗೆಯೇ ಇಲ್ಲವಾದ ಕಾರಣ, ಊರಿನ ಮಕ್ಕಳಿಗೆ ಉಡುಗೊರೆ ಒಯ್ಯುವವರಿಗೆ ಅದೇ ಲಾಭಕರವಾದ ಖರೀದಿ. ಕೊಂಡ ಪದಾರ್ಥ ದೋಷಯುಕ್ತವಾಗಿದ್ದರೆ 30 ದಿನಗಳೊಳಗೆ ಹಿಂದಿರುಗಿಸಿ ಪೂರ್ಣ ಹಣವನ್ನು ಕೇಳುವ ಹಕ್ಕನ್ನು 2015ರ ಗ್ರಾಹಕ ಹಕ್ಕುಗಳ ಕಾಯಿದೆ ಕೊಟ್ಟಿದೆ. ಆದರೆ ದೋಷವೇನೂ ಇಲ್ಲದೆ, ಬಣ್ಣ ಹಿಡಿಸಲಿಲ್ಲ, ಅಳತೆ ಹೊಂದಲಿಲ್ಲವೆಂಬ ಕಾರಣಕ್ಕೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂಬ ನಿರ್ಬಂಧ ಅಂಗಡಿಯವರಿಗಿಲ್ಲ. ಬಹುಮಂದಿ ತಮ್ಮದೇ ಪದ್ಧತಿಯಂತೆ ತೆಗೆದುಕೊಳ್ಳುತ್ತಾರೆ, ಅದಕ್ಕೆಷ್ಟು ದಿನದ ಅವಧಿಯೆಂಬುದನ್ನು ರಸೀದಿಯ ಹಿಂಬದಿಯಲ್ಲಿ ಓದಿಕೊಂಡು, ಆ ರಸೀದಿಯನ್ನು ಜೋಪಾನ ಮಾಡಬೇಕು. ವಿದ್ಯುದುಪಕರಣಗಳ ಪ್ಲಗ್ಗಿನ ಮೂರು ಕಡ್ಡಿಗಳೂ ಅಲ್ಲಿ ಚಪ್ಪಟೆಯಾಗಿರುವುದರಿಂದ ನಮ್ಮ ಮನೆಯ ಸಾಕೆಟ್ಟಿಗೆ ಕೂಡುವುದಿಲ್ಲ. ಕೈಚೀಲವನ್ನು ಮನೆಯಿಂದಲೇ ಒಯ್ದರೆ ಚೀಲವೊಂದಕ್ಕೆ ಕಡಿಮೆಯೆಂದರೂ 10 ಪೆನ್ಸ್ ಉಳಿಯುತ್ತದೆ.

ಊಟದ ವಿಷಯವನ್ನು ನಮ್ಮ ಸಸ್ಯಾಹಾರಿಗಳಿಗೋಸ್ಕರ ಬಿಡಿಸಿ ಹೇಳಬೇಕಾಗಿದೆ. ಅಲ್ಲಿ ವೆಜಿಟೇರಿಯನ್ ಎಂದು ಬರೆದ ತಿನಿಸಿನಲ್ಲಿ ಮೊಟ್ಟೆ ಇರಬಹುದು. ಅವರ ಎಣಿಕೆಯಲ್ಲಿ ಮೊಟ್ಟೆ ಮಾಂಸವಲ್ಲ. ಮೊಟ್ಟೆಯನ್ನೂ ಬಿಟ್ಟವರು ವೀಗನ್ ಎಂಬ ಗುರುತನ್ನು ನೋಡಿ ಆರಿಸಿಕೊಳ್ಳುವುದು ನಿಶ್ಚಿಂತೆಯ ಮಾರ್ಗ. ಪಾರ್ಮೆಸಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಮಕ್ಕಳು ಕೇಳುವ ಮೆದುವಾದ ಜೆಲ್ಲಿ ಮಿಠಾಯಿಗಳಲ್ಲಿ ಬಹುಮಟ್ಟಿಗೆ ಪ್ರಾಣಿಜನ್ಯವಾದ ಜೆಲಟಿನ್ ಇರುತ್ತದೆ. ಆಲೂಗಡ್ಡೆಯ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲಿಯೇ ಕರಿದಿರುವುದುಂಟು. ಸಂಕೋಚಪಡದೆ ಕೇಳಿ. ಹದಿನಾಲ್ಕು ಬಗೆಯ ಅಲರ್ಜಿಕಾರಕ ಪದಾರ್ಥಗಳ ವಿವರವನ್ನು ಕೊಡಲೇಬೇಕೆಂದು ಅಲ್ಲಿ ಕಾನೂನಿರುವುದರಿಂದ, ಮೊಟ್ಟೆ, ಹಾಲು, ಮೀನುಗಳಿವೆಯೇ ಎಂಬ ಪ್ರಶ್ನೆಗೆ ಪಟ್ಟಿಯನ್ನೇ ತಂದು ತೋರಿಸುತ್ತಾರೆ. ಇವೆಲ್ಲಕ್ಕಿಂತ ಸುಖವಾದುದು ಬುತ್ತಿ. ಚಪಾತಿ ಪಲ್ಯವನ್ನೋ ಮೊಸರನ್ನವನ್ನೋ ಡಬ್ಬಿಯಲ್ಲಿ ಒಯ್ದು ಸರೋವರದ ಬದಿಯ ಬೆಂಚಿನಲ್ಲಿ ಕುಳಿತು ತಿನ್ನುವುದಕ್ಕೆ ನಾಚಬೇಕಾದುದಿಲ್ಲ. ಮನೆಯ ಊಟವನ್ನು ಬಯಲಿಗೆ ಒಯ್ದು ಉಣ್ಣುವುದು ಇಂಗ್ಲಿಷರಿಗೂ ಪ್ರಿಯವಾದ ರೂಢಿ. ಹೋಟೆಲುಗಳ ಮೇಜಿನ ಮೇಲೆ ಮಾತ್ರ ಡಬ್ಬಿ ಬಿಚ್ಚಬಾರದು.

ಮಂಡಿನೋವಿನವರು, ಹೃದಯದ ತೊಂದರೆಯುಳ್ಳವರು ಈ ತ್ರಿಕೋಣದ ಎರಡಂತಸ್ತುಗಳನ್ನೂ ನಡೆದು ಮುಗಿಸುವ ಹಟ ಮಾಡಬಾರದು. ಇಂಥ ದೊಡ್ಡ ಪೇಟೆಗಳಲ್ಲಿ ಗಾಲಿಕುರ್ಚಿಯನ್ನು ಎರವಲು ಕೊಡುವ ಏರ್ಪಾಡು ಇರುತ್ತದೆ, ಹಿಂದಿನ ದಿನವೇ ಫೋನು ಮಾಡಿ ಕಾದಿರಿಸಿಕೊಂಡರೆ ಸಾಕು. ಅದನ್ನು ಕೇಳುವುದರಲ್ಲಿ ಅವಮಾನವೆಂದು ಭಾವಿಸಿ ನೋವು ನುಂಗಿಕೊಂಡು ನಡೆಯುವ ನಮ್ಮ ತಾಯಂದಿರನ್ನು ಮಕ್ಕಳೇ ಒಪ್ಪಿಸಬೇಕು. ಅಜ್ಜ ಅಜ್ಜಿಯರು ಹೊರಗಿನ ದಾರಿಯಲ್ಲಿ ಒಂದು ಗಂಟೆ ಕಳೆಯಲಿ, ಕೊಳ್ಳುವ ಕೆಲಸವನ್ನು ಕಿರಿಯರು ಆ ವೇಳೆಯಲ್ಲಿ ಮುಗಿಸಿಕೊಳ್ಳಲಿ, ಆಮೇಲೆ ಒಂದೆಡೆ ಸೇರಲಿ. ದಿನವನ್ನು ಹೀಗೆ ಹಂಚಿಕೊಂಡ ಕುಟುಂಬಗಳಲ್ಲಿ ಸಂಜೆಯ ಮುನಿಸು ಇರುವುದಿಲ್ಲ.

ಮಧ್ಯಾಹ್ನದ ಮೇಲೆ ಸಮಯ ಮಿಕ್ಕರೆ, ಮತ್ತೊಂದು ಸುತ್ತು ಅಂಗಡಿಗಳನ್ನು ನೋಡುವುದಕ್ಕಿಂತ, ಗ್ರೀನ್‌ಹೈದ್‌ನಿಂದ ಪೂರ್ವಕ್ಕೆ ಮೂರನೆಯ ನಿಲ್ದಾಣವಾದ ಗ್ರೇವ್ಸೆಂಡ್‌ಗೆ ಹೋಗಿಬನ್ನಿರೆಂದು ನಾನು ಒತ್ತಿ ಹೇಳುತ್ತೇನೆ. ಊರಾಚೆಯ ಪೇಟೆಗಳಿಂದ ಸೊರಗಿದ ಹಳೆಯ ಊರುಗಳಲ್ಲಿ ಅದೂ ಒಂದು. ಅಲ್ಲಿಯ ನಡುಬೀದಿಯಲ್ಲಿ ನಾಲ್ಕು ಕಾಸು ವೆಚ್ಚ ಮಾಡುವುದು ನ್ಯಾಯವಾದ ಕಾರ್ಯ. ಅಲ್ಲಿ ನೆಲೆಸಿರುವ ಪಂಜಾಬಿನ ಜನ ಕಟ್ಟಿ 2010ರಲ್ಲಿ ತೆರೆದ ಗುರು ನಾನಕ್ ದರ್ಬಾರ್ ಎಂಬ ಗುರುದ್ವಾರವು ಯೂರೋಪಿನ ಅತಿ ದೊಡ್ಡ ಗುರುದ್ವಾರಗಳಲ್ಲಿ ಒಂದಾಗಿ, ತನ್ನ ಗುಮ್ಮಟಗಳಿಂದ ದೂರಕ್ಕೇ ಕಾಣುತ್ತದೆ. ತಲೆಗೆ ಬಟ್ಟೆ ಹೊದೆದು, ಪಾದರಕ್ಷೆ ಕಳಚಿ ಒಳಹೊಕ್ಕರೆ ಯಾರ ಜಾತಿ ದೇಶಗಳನ್ನೂ ವಿಚಾರಿಸುವುದಿಲ್ಲ; ಲಂಗರಿನ ಪಂಕ್ತಿಯಲ್ಲಿ ಬಿಸಿಬಿಸಿಯಾದ ರೊಟ್ಟಿ, ದಾಲು ಬಡಿಸುತ್ತಾರೆ, ಎಲ್ಲವೂ ಸಸ್ಯಾಹಾರ. ಎಷ್ಟು ಬೇಕೋ ಅಷ್ಟನ್ನೇ ಹಾಕಿಸಿಕೊಳ್ಳುವುದು ಅಲ್ಲಿಯ ಮರ್ಯಾದೆ.

ಗ್ರೇವ್ಸೆಂಡ್‌ನಿಂದ ಲಂಡನ್ನಿಗೆ ಹಿಂದಿರುಗುವ ಗಾಡಿಗಳಲ್ಲಿ ಸೇಂಟ್ ಪಾಂಕ್ರಾಸ್‌ಗೆ ನೇರವಾಗಿ ಹೋಗುವ ವೇಗದ ಗಾಡಿಗಳೂ ಇವೆ. ಆದರೆ ಅವುಗಳ ದರ ಹೆಚ್ಚು, ಬೆಳಿಗ್ಗೆ ಕೊಂಡ ಗ್ರೀನ್‌ಹೈದ್ ಟಿಕೆಟ್ಟು ಅಲ್ಲಿ ನಡೆಯುವುದಿಲ್ಲ. ಶನಿವಾರ ಭಾನುವಾರಗಳಲ್ಲಿ ಹಳಿ ದುರಸ್ತಿಗಾಗಿ ರೈಲನ್ನು ನಿಲ್ಲಿಸಿ ಬಸ್ಸಿನಲ್ಲಿ ಕಳುಹಿಸುವುದು ಆ ದೇಶದಲ್ಲಿ ಆಗಾಗ ನಡೆಯುವ ಸಂಗತಿಯಾದುದರಿಂದ, ಹೋಗುವ ಗಾಡಿಯ ವೇಳೆಯೊಂದನ್ನೇ ಅಲ್ಲ, ಬರುವ ಗಾಡಿಯ ವೇಳೆಯನ್ನೂ ಹಿಂದಿನ ರಾತ್ರಿಯೇ ನೋಡಿ ಬರೆದಿಟ್ಟುಕೊಳ್ಳಿ.